ಕೊಗ್ಗಣ್ಣ ತಪ್ಪಾಗಿ ಕೇಳಿಸಿಕೊಂಡ ಮಾತು

ಈ ಕಥೆಯನ್ನು ಮೊದಲು ಹೇಳಿದವರು ಮಸ್ಕತ್ತಿನ ಅಲ್ ಹೈಲ್‌ನಲ್ಲಿ ಚಹಾದಂಗಡಿ ಇಟ್ಟಿರುವ ಉಳ್ಳಾಲದ ಮೊಯ್ದು. ಹೇಳಿದ್ದು ಕಳೆದ ರಂಜಾನಿಗೆ ಎರಡು ವಾರ ಮೊದಲಿನ ಒಂದು ಶುಕ್ರವಾರ. ಅವರ ಕಥೆಯಲ್ಲಿ ಇನ್ನೂರು ಬಂದೂಕುಗಳಿದ್ದವು, ಒಂದು ಬಿಳಿ ಬಾವುಟವಿತ್ತು, ಯುದ್ಧ ನಿಲ್ಲಿಸಿದ ಒಬ್ಬ ಕನ್ನಡಿಗನಿದ್ದ. ಆ ಕನ್ನಡಿಗ, ಕೊಗ್ಗ, ಅಂಗಡಿಯ ಹಿಂದಿನ ರಸ್ತೆಯಲ್ಲೇ ಇದ್ದಾರೆ. ಕೇಳಿದರೆ ಬಂದೂಕಿನ ಎಣಿಕೆಯನ್ನೂ ಬಾವುಟವನ್ನೂ ತಿದ್ದುತ್ತಾರೆ.

ಇನ್ನೊಂದು ಶುಕ್ರವಾರ, ಬೆಳಗಿನ ನಾಲ್ಕೂವರೆ. ಕುಡಿಯುವ ನೀರಿನ ಟ್ಯಾಂಕರುಗಳು ತುಂಬಿಕೊಳ್ಳುವ ನಿಲ್ದಾಣದಲ್ಲಿ ಐವತ್ತೆಂಟರ ಕೊಗ್ಗ ಪಂಪಿನ ಮೈಮೇಲೆ ಅಂಗೈಯಿಟ್ಟು ನಿಂತಿದ್ದಾರೆ. “ಬೇರಿಂಗ್ ಹೋದ್ರೆ ಮೊದ್ಲು ಕೈಗೆ ಗೊತ್ತಾಗ್ತದೆ, ಮತ್ತೆ ಕಿವಿಗೆ, ಕೊನೆಗೆ ಸೂಪರ್‌ವೈಸರಿಗೆ” ಎನ್ನುತ್ತಾರೆ. ಹತ್ತು ಗಂಟೆಯೊಳಗೆ ನಲವತ್ತು ಟ್ಯಾಂಕರು ತುಂಬಬೇಕು. ಸಾಲಿನ ಮೊದಲ ಗಾಡಿಯಿಂದ ಚಾಲಕ ಹಕೀಂ ತಲೆ ಹೊರಹಾಕಿ, “ಕೊಗ್ಗ ಭಾಯ್, ಅಮಾನ್” ಎಂದು ಕೂಗುತ್ತಾನೆ. ಇವರು ನಗುತ್ತಾ ವಾಲ್ವ್ ತಿರುಗಿಸುತ್ತಾರೆ. ಆದರೆ ಕಣ್ಣು ಮಾತ್ರ ಸ್ಟಾರ್ಟರ್ ಪೆಟ್ಟಿಗೆಯ ಮೇಲೆ ಅಂಗಾತ ಇಟ್ಟಿರುವ ಮೊಬೈಲಿನ ಮೇಲಿದೆ.

ಪ್ರತಿ ಶುಕ್ರವಾರ ಅದಕ್ಕೊಂದು ಧ್ವನಿಸಂದೇಶ ಬರಬೇಕು. ಮಾತಿಲ್ಲದ, ಬರೀ ಡೀಸೆಲ್ ಎಂಜಿನ್ನಿನ ಸದ್ದು. ಉತ್ತರ ಮಾಲಿಯ ಮರುಭೂಮಿಯಲ್ಲಿ ಹತ್ತು ವರ್ಷದ ಹಿಂದೆ ಇವರೇ ಕೂರಿಸಿ ಬಂದ ಪಂಪು ಇನ್ನೂ ಓಡುತ್ತಿದೆ ಎಂಬುದಕ್ಕೆ ಅದೊಂದೇ ಸಾಕ್ಷಿ. ಐದು ಶುಕ್ರವಾರಗಳಿಂದ ಅದು ಬಂದಿಲ್ಲ.

ಹತ್ತು ಗಂಟೆಗೆ ಮೊಯ್ದುವಿನ ಅಂಗಡಿಯಲ್ಲಿ ಏಳೆಂಟು ಮಂದಿ ಸೇರುತ್ತಾರೆ. ಕೊಗ್ಗರ ಮಡದಿ ದಮಯಂತಿಯೂ ಇದ್ದಾರೆ.

“ಕೊಗ್ಗಣ್ಣ, ಇವತ್ತು ನೀವೇ ಹೇಳಿ” ಎನ್ನುತ್ತಾರೆ ಮೊಯ್ದು. “ನಾನು ಹೇಳಿದ್ರೆ ಬಂದೂಕು ಜಾಸ್ತಿ ಆಗ್ತದೆ ಅಂತ ನಿಮ್ಮ ದೂರು.”

“ನಾನು ಎಣಿಸ್ಲಿಲ್ಲ ಮಾರಾಯ. ಕಣ್ಣು ಮುಚ್ಚಿ ಕೂತವ ಎಣಿಸೋದು ಹೇಗೆ?”

ಉಡುಪಿಯಿಂದ ಬಂದು ಮಸ್ಕತ್ತಿನಲ್ಲಿ ಹದಿನೈದು ವರ್ಷ ಪಂಪು ರಿಪೇರಿ ಮಾಡಿದ ಕೊಗ್ಗರನ್ನು ಕಂಪನಿ ಮಾಲಿಯ ಕೊಳವೆಬಾವಿ ಕೆಲಸಕ್ಕೆ ಕಳಿಸುತ್ತದೆ. ಜೊತೆಯವರು ಮರಳಿದ ಮೇಲೂ, ಇನ್ನೊಂದು ದಿನ ಪಂಪು ಓಡಿಸಿ ನೋಡಬೇಕೆಂದು ಇವರೊಬ್ಬರೇ ಉಳಿಯುತ್ತಾರೆ. ಮರುದಿನವೇ ಬಾವಿಯ ಮೂಡಣ ದಿಬ್ಬದಲ್ಲಿ ಒಂದು ಬಣ, ಪಡುವಣ ದಿಬ್ಬದಲ್ಲಿ ಇನ್ನೊಂದು. ಒಂದು ಸರ್ಕಾರದ ಪರ, ಇನ್ನೊಂದು ಬೇರೆ ನಾಡು ಬೇಕೆನ್ನುವವರ ಪರ. ಎರಡೂ ತುವಾರೆಗ್ ಜನರದೇ. ಒಂದೇ ಭಾಷೆ, ಮೂಗಿನವರೆಗೆ ಸುತ್ತಿದ ಒಂದೇ ಬಗೆಯ ಮುಂಡಾಸು. ಪಂಪಿನ ಕಾವಲುಗಾರ ಅತ್ತಾಹೆರ್ ಹೆಂಗಸರು, ಮಕ್ಕಳು, ಆಡುಗಳೊಡನೆ ತಗ್ಗಿನ ಹಳ್ಳದಲ್ಲಿ ಅಡಗುತ್ತಾನೆ, ಕೊಗ್ಗ ಪಂಪಿನ ಮನೆಯಲ್ಲಿ. ಗುಂಡಿನ ಮಳೆಯಲ್ಲಿ ಎಂಜಿನ್ ಬಳಿ ಹೋಗುವವರಿಲ್ಲ. ಎರಡು ದಿನ ಯಾರಿಗೂ ತೊಟ್ಟು ನೀರಿಲ್ಲ.

“ಮೂರನೇ ದಿನ ಮಧ್ಯಾಹ್ನ” ಕೊಗ್ಗ ಮುಂದಕ್ಕೆ ಬಾಗುತ್ತಾರೆ, “ಮೂಡು ಕಡೆಯಿಂದ ಯಾರೋ ಕೂಗಿದ್ರು, ಅಮಾನ್, ಅಮಾನ್ ಅಂತ. ಸ್ವಲ್ಪ ಹೊತ್ತಿಗೆ ಪಡು ಕಡೆಯಿಂದಲೂ ಅದೇ. ನನಗೆ ಜೀವ ಬಂತು. ಹಿಂದಿಯಲ್ಲಿ ಅಮನ್ ಅಂದ್ರೆ ಶಾಂತಿ. ಇಲ್ಲಿ ಸೀಟ್ ಬೆಲ್ಟಿಗೆ ಪೊಲೀಸರು ಎಂತ ಹೇಳ್ತಾರೆ? ಹಿಝಾಮ್ ಅಲ್ ಅಮಾನ್, ಸುರಕ್ಷತೆಯ ಪಟ್ಟಿ. ಎರಡೂ ಕಡೆಯವರಿಗೆ ರಾಜಿ ಬೇಕಂತೆ, ಖಲಾಸ್, ಯುದ್ಧ ಮುಗೀತು, ಇನ್ನು ಪಂಪು ಓಡಿಸುವ ಅಂತ ಲೆಕ್ಕ ಹಾಕಿದೆ.”

“ಬಾವುಟ ಹಿಡಿದು ಹೊರಟ್ರು” ಎನ್ನುತ್ತಾರೆ ಮೊಯ್ದು.

“ಬಾವುಟ ಎಂತದು? ಮೈ ಒರೆಸುವ ಬೈರಾಸು. ಅದೂ ಮಣ್ಣಿನ ಬಣ್ಣ.”

ಪಂಪಿನ ಮನೆಯಿಂದ ಎಂಜಿನ್ನಿಗೆ ನಲವತ್ತು ಹೆಜ್ಜೆ. ಅದನ್ನು ಮಾತ್ರ ಅವರು ಎಣಿಸಿದ್ದಾರೆ. ಸಿಳ್ಳೆ ಹಾಕಿಕೊಂಡೇ ನಡೆಯುತ್ತಾರೆ. ಹದಿನೈದನೆಯ ಹೆಜ್ಜೆಗೆ ಕಾಲ ಬಳಿ ಮರಳು ಚಿಮ್ಮುತ್ತದೆ. ಯಾವನಿಗೋ ಇನ್ನೂ ಸುದ್ದಿ ಮುಟ್ಟಿಲ್ಲವೆಂದು ಕೈಬೀಸುತ್ತಾರೆ. ಹ್ಯಾಂಡಲ್ ಹಾಕಿ ತಿರುಗಿಸುತ್ತಾರೆ. ಎಂಜಿನ್ ಎರಡು ಸಲ ಕೆಮ್ಮಿ ಹಿಡಿಯುತ್ತದೆ, ತೊಟ್ಟಿಗೆ ನೀರು ಧುಮುಕುತ್ತದೆ. ಗುಂಡಿನ ಸದ್ದು ನಿಲ್ಲುತ್ತದೆ. ಒಂದು ದಿಬ್ಬದವರು ಬಂದು ಕುಡಿದು ಹೋದ ಮೇಲೆ ಇನ್ನೊಂದು ದಿಬ್ಬದವರು ಬರುತ್ತಾರೆ. ಯುದ್ಧ ನಿಂತದ್ದು ಐದೇ ತಾಸು. ಆ ಐದು ತಾಸಿನಲ್ಲಿ ಹಳ್ಳದ ಜನ ನೀರು ತುಂಬಿಕೊಂಡು ಕೊಗ್ಗರೊಡನೆ ದೂರ ಸಾಗುತ್ತಾರೆ.

“ಸಂಜೆ ಅತ್ತಾಹೆರ್ ಕೇಳಿದ, ನಿನಗೆ ನಮ್ಮ ಭಾಷೆ ಯಾವಾಗ ಬಂತು ಅಂತ. ಅವರ ಮಾತಲ್ಲಿ ಅಮಾನ್ ಅಂದ್ರೆ ನೀರಂತೆ. ಶಾಂತಿ ಯಾರೂ ಕೇಳ್ಲಿಲ್ಲ, ಬಾಯಾರಿಕೆಗೆ ಕೂಗಿದ್ದು. ಮೊದ್ಲೇ ಗೊತ್ತಿದ್ರೆ ನಾನು ಹೊರಗೆ ಬರ್ತಿದ್ನಾ?”

“ಅಷ್ಟು ದೂರದ ಪಂಪಿನ ಚಿಂತೆ” ಎನ್ನುತ್ತಾರೆ ದಮಯಂತಿ. “ನಮ್ಮ ಅಡುಗೆಮನೆಯ ನಲ್ಲಿ ಸೋರ್ಲಿಕ್ಕೆ ಹಿಡಿದು ಮೂರು ವಾರ ಆಯ್ತು.”

ನಗು ಮುಗಿಯುವಷ್ಟರಲ್ಲಿ ಮೊಬೈಲು ಗುಂಯ್ ಎನ್ನುತ್ತದೆ. ಎಲ್ಲರೂ ಮೇಜಿನತ್ತ ಬಗ್ಗುತ್ತಾರೆ. ಹ್ಯಾಂಡಲಿನ ಕಿರ್ ಸದ್ದು, ಎಂಜಿನ್ನಿನ ಎರಡು ಕೆಮ್ಮು, ಮತ್ತೆ ಮೌನ. ಕೊನೆಯಲ್ಲಿ ಅತ್ತಾಹೆರ್‌ನ ದಣಿದ ಅರಬಿ: ಐದು ವಾರದಿಂದ ಹೀಗೇ, ಹಗ್ಗ ಕಟ್ಟಿ ದೂರದ ಹಳೆಯ ಬಾವಿಯಿಂದ ಸೇದುತ್ತಿದ್ದೇವೆ, ಸಿಗ್ನಲ್ ಇವತ್ತಷ್ಟೇ ಬಂತು.

ಮೊಯ್ದು ತಲೆ ತಗ್ಗಿಸುತ್ತಾರೆ. ಕೊಗ್ಗ ಸಂದೇಶವನ್ನು ಮೂರು ಸಲ ಕಿವಿಗೊತ್ತಿ ಕೇಳುತ್ತಾರೆ, ಮುಖ ಅರಳುತ್ತದೆ. “ಎಂಜಿನ್ ಸತ್ತಿಲ್ಲ. ಡೀಸೆಲ್ ಪೈಪಿಗೆ ಗಾಳಿ ಹೊಕ್ಕಿದೆ.” ತಮ್ಮ ಮಸ್ಕತ್ ಅರಬಿಯಲ್ಲಿ ಒಂದೊಂದೇ ಹೇಳುತ್ತಾರೆ: ಫಿಲ್ಟರಿನ ಮೇಲಿನ ಸಣ್ಣ ತಿರುಪು ಸಡಿಲಿಸು, ಕೈಯಲ್ಲೇ ಡೀಸೆಲ್ ಒತ್ತು, ಗುಳ್ಳೆ ನಿಂತ ಮೇಲೆ ಬಿಗಿ ಮಾಡು, ಯಲ್ಲಾ, ತಿರುಗಿಸು.

ಹನ್ನೊಂದಾಗುತ್ತದೆ. ಹನ್ನೊಂದೂಕಾಲು. ನಮಾಜಿಗೆ ಅಂಗಡಿ ಮುಚ್ಚಬೇಕಾದ ಮೊಯ್ದು ಬಾಗಿಲ ಬೀಗ ಹಿಡಿದು ನಿಂತೇ ಇದ್ದಾರೆ, ಯಾರೂ ಏಳುವುದಿಲ್ಲ. ಚಹಾದ ಮೇಲೆ ಕೆನೆಗಟ್ಟಿದೆ.

ಮೊಬೈಲು ಮತ್ತೆ ಗುಂಯ್ ಎನ್ನುತ್ತದೆ. ಡಬ್ ಡಬ್ ಡಬ್ ಎಂಬ ಸದ್ದು ಅಂಗಡಿಯನ್ನು ತುಂಬುತ್ತದೆ. ಅದರ ಹಿಂದೆ ಹೆಂಗಸರ, ಮಕ್ಕಳ ಕೂಗು: ಅಮಾನ್, ಅಮಾನ್.

ಕೊಗ್ಗ ಮೇಜಿನ ಮೇಲೆ ಅಂಗೈಯಿಟ್ಟು ಆಲಿಸುತ್ತಾರೆ, ಪಂಪು ಅಲ್ಲೇ ಇದೆಯೆಂಬಂತೆ. “ಬೇರಿಂಗ್ ಕೂಡ ಚೆನ್ನಾಗುಂಟು” ಎನ್ನುತ್ತಾರೆ ಮೆಲ್ಲಗೆ.

ಕೇಳಿದವರು ಒಬ್ಬೊಬ್ಬರಾಗಿ ಎದ್ದು ಮನೆಗೆ ನಡೆಯುತ್ತಾರೆ. ಮೊಯ್ದು ಬೀಗ ಹಾಕುತ್ತಾರೆ. ಎಲ್ಲರಿಗಿಂತ ಕೊನೆಗೆ ಕೊಗ್ಗ ಹೊರಡುತ್ತಾರೆ. ಕೈಯಲ್ಲಿ ಸ್ಪ್ಯಾನರ್, ಮುಂದೆ ದಮಯಂತಿ.