ಕರಿಯನ ರಾಜ್ಯದ ಗಡಿ

ಆಗ ನಮ್ಮ ಜರಗನಹಳ್ಳಿಯಲ್ಲಿ ಹೊಲಗಳು ಹೋಗಿದ್ದವು, ಹೊಲದವರ ಬುದ್ಧಿ ಹೋಗಿರಲಿಲ್ಲ. ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ತಾತ ಬಾಡಿಗೆ ಮನೆಗಳನ್ನು ಕಟ್ಟಿಸಿದ್ದರೂ ಅಂಗಳದ ಗೂಟ ಕೀಳಿಸಿರಲಿಲ್ಲ. ಹಸು ಕಟ್ಟುತ್ತಿದ್ದ ಆ ಗೂಟಕ್ಕೆ ಈಗ ನಮ್ಮ ನಾಯಿ ಕರಿಯನನ್ನು ಉದ್ದ ಹಗ್ಗದಲ್ಲಿ ಕಟ್ಟುತ್ತಿದ್ದೆವು. ನಾನು ಆರನೇ ಕ್ಲಾಸು. ರೇಖಾಗಣಿತ ಎಂದರೆ ಹೊಟ್ಟೆನೋವು ಬರುತ್ತಿತ್ತು.

ಬಾಡಿಗೆಗೆ ಬಂದಿದ್ದ ಹುಬ್ಬಳ್ಳಿಯ ಗಿರಿಜಾ ಆಂಟಿ ಬೆಳಿಗ್ಗೆ ಬಾಗಿಲ ಮುಂದೆ ರಂಗೋಲಿ ಹಾಕಿ ಒಳಗೆ ಹೋಗುವುದೇ ತಡ, ಕರಿಯ ಅದನ್ನು ಕೆರೆದು ಅಳಿಸಿಬಿಡುತ್ತಿದ್ದ.

"ದಿನಾ ಇದ ಆತಲ್ರೀ!" ಎಂದು ಆಂಟಿ ಅಪ್ಪನೆದುರು ಅತ್ತೇಬಿಟ್ಟರು.

"ಇನ್ನೊಂದ್ಸಲ ಹಿಂಗಾದ್ರೆ ಈ ನಾಯೀನ ತಲಘಟ್ಟಪುರದ ತೋಟಕ್ಕೆ ಬಿಟ್ಟು ಬರ್ತೀನಿ" ಎಂದರು ಅಪ್ಪ. ಅಂದು ಅಮ್ಮನ ಬಸ್ಸಾರು ಘಮಗುಟ್ಟುತ್ತಿದ್ದರೂ ಮುದ್ದೆ ಅರ್ಧಕ್ಕೇ ಬಿಟ್ಟು ಅಂಗಳಕ್ಕೆ ಇಳಿದೆ.

ಗೂಟದಿಂದ ರಂಗೋಲಿಗೆ ಹೆಜ್ಜೆಗೆ ಹೆಜ್ಜೆ ತಾಗಿಸಿ ಅಳೆದೆ. ಹನ್ನೆರಡು ಪಾದ. ಹಗ್ಗವನ್ನು ಹನ್ನೊಂದು ಪಾದಕ್ಕೆ ಗಂಟು ಹಾಕಿ ಗೆದ್ದೆನೆಂದುಕೊಂಡೆ. ಮರುದಿನ ನೋಡಿದರೆ ರಂಗೋಲಿಯ ಅರ್ಧ ಮಾಯ!

ಅಪ್ಪ ಇನ್ನು ಕರಿಯನನ್ನು ಬಿಟ್ಟು ಬಂದೇ ಬರುತ್ತಾರೆಂದು ನಾನು ಅಳತೊಡಗಿದೆ. ತಾತ ನಕ್ಕರು. "ಹಗ್ಗ ಅಳ್ದೆ, ನಾಯೀನ ಅಳ್ದ್ಯಾ? ಹಸು ಕಟ್ಟೋನು ಬಾಯಿ ಎಲ್ಲಿಗಂಟ ಹೋಯ್ತದೆ ಅಂತ ನೋಡ್ತಾನೆ ಕಣವ್ವ. ಪಕ್ಕದೋರ ಪೈರು ಉಳೀಬೇಕಲ್ಲ."

ಕರಿಯನ ಕುತ್ತಿಗೆಯಿಂದ ಚಾಚಿದ ಮುಂಗಾಲಿನವರೆಗೆ ಎರಡು ಪಾದ. ತಾತ ಅದನ್ನೂ ಹಗ್ಗಕ್ಕೆ ಸೇರಿಸಿ, ತುದಿಗೆ ಸುಣ್ಣದ ಉಂಡೆ ಕಟ್ಟಿ, ಗೂಟದ ಸುತ್ತ ನನ್ನನ್ನು ನಡೆಸಿದರು. ಅಂಗಳದಲ್ಲಿ ದುಂಡಗೆ ಬಿಳಿ ಗೆರೆ ಮೂಡಿತು. ಅದು ರಂಗೋಲಿಯ ಮೇಲೇ ಹಾದುಹೋಗಿತ್ತು.

"ಹಗ್ಗ ಇನ್ನೂ ಗಿಡ್ಡ ಮಾಡ್ಲಾ ತಾತ?"

"ಪಾಪ, ಗಿಡ್ಡ ಮಾಡಿದ್ರೆ ಅದು ನೆರಳಿಗೆ ಹೋಗಕಾಯ್ತದಾ? ಗೂಟಾನೇ ಸರ್ಸನ."

ತಾತ ಗೂಟ ಕಿತ್ತು ರಂಗೋಲಿಯಿಂದ ದೂರ ನೆಟ್ಟರು; ಮತ್ತೆ ಗೆರೆ ಎಳೆದಾಗ ವೃತ್ತ ಅಷ್ಟೇ ದೊಡ್ಡದಾಗಿ ಉಳಿದು ಇಡಿಯಾಗಿ ಆಚೆ ಸರಿಯಿತು. ಕೇಂದ್ರ, ತ್ರಿಜ್ಯ ಎಂಬ ಪದಗಳಿಗೆ ಅಂದು ನನ್ನ ಮಟ್ಟಿಗೆ ನಾಯಿಯ ವಾಸನೆ ಬಂತು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಆಂಟಿ, "ನಾಳಿ ಒಂದಿನಾ ನೋಡೋಣ್ರೀ ಅಜ್ಜಾರ" ಎಂದರು.

ಬೆಳಿಗ್ಗೆ ಕರಿಯ ಕುಂಯ್‌ಗುಟ್ಟುತ್ತಾ ಕಾಲು ಚಾಚಿದ. ಗೆರೆ ದಾಟಲಾಗಲಿಲ್ಲ. ಆಂಟಿ ಜೋಳದ ರೊಟ್ಟಿಯ ಚೂರೊಂದನ್ನು ಗೆರೆಯೊಳಗೆ ಹಾಕಿದರು. ತೋಟದ ಮಾತನ್ನು ಅಪ್ಪ ಮತ್ತೆ ಎತ್ತಲಿಲ್ಲ.

ತಾತ ಹೋದರು, ಕರಿಯನೂ ಹೋದ. ಒಂದು ನಾಯಿಗಾಗಿ ಅರ್ಧ ದಿನ ಬಿಸಿಲಲ್ಲಿ ಕೂರುವ ಪುರುಸೊತ್ತೂ ಹೋಯಿತು. ಮೊನ್ನೆ ನಮ್ಮ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಲ್ಲಿ ಯಾರದೋ ನಾಯಿಯ ಮೇಲೆ ದೂರು ಬಂತು. ಅದನ್ನು ಓಡಿಸಿ ಎಂದು ಮೆಸೇಜಿನ ಮೇಲೆ ಮೆಸೇಜು. ಕೆಳಗಿಳಿದು ನಾಯಿಯನ್ನು ನೋಡಿದವರು ಒಬ್ಬರೂ ಇಲ್ಲ.

ನಾನು ಹಗ್ಗವೊಂದನ್ನು ಹುಡುಕಿ ತೆಗೆದು, ಮಗಳ ಕೈಗೆ ಸೀಮೆಸುಣ್ಣ ಕೊಟ್ಟು, "ಬಾ, ಕೆಳಗೆ ಹೋಗೋಣ" ಎಂದೆ.