ಜೀರುಗುಣಿಕೆ ಹಾಕಿದ ಬಾವುಟ

ನಾನು ನರ್ಸ್ ಆಗಿದ್ದ ಹೆಂಡರ್ಸನ್ನಿನ ವೃದ್ಧಾಶ್ರಮದ ಅಂಗಳದಲ್ಲಿ ಒಂದು ಧ್ವಜಕಂಬವಿತ್ತು. ಡ್ಯೂಟಿಗೆ ಬಂದಾಗಲೆಲ್ಲ ಅದರ ಪಕ್ಕದಲ್ಲೇ ಕಾರು ನಿಲ್ಲಿಸುತ್ತಿದ್ದೆ. ಆದರೂ ಮೇಲೆ ಹಾರುವ ಬಾವುಟದಲ್ಲಿ ನಕ್ಷತ್ರ ಎಷ್ಟು, ಅವುಗಳ ಬಣ್ಣ ಯಾವುದು ಎಂದು ಯಾರಾದರೂ ಕೇಳಿದ್ದರೆ ತಬ್ಬಿಬ್ಬಾಗುತ್ತಿದ್ದೆ. ನಾನೊಬ್ಬಳೇ ಹಾಗಲ್ಲ. ನಿಮ್ಮ ಬಾವುಟಕ್ಕೂ ನೆರೆಯ ಆಸ್ಟ್ರೇಲಿಯಾದ ಬಾವುಟಕ್ಕೂ ಏನು ವ್ಯತ್ಯಾಸ ಎಂದರೆ ಇಲ್ಲೇ ಹುಟ್ಟಿ ಬೆಳೆದವರೂ ಒಂದು ಕ್ಷಣ ಆಕಾಶ ನೋಡುತ್ತಿದ್ದರು. ಇಲ್ಲಿಯದು ನಾಲ್ಕು ಕೆಂಪು ನಕ್ಷತ್ರ, ಅಲ್ಲಿಯದು ಆರು ಬಿಳಿಯವು. ಮೂಲೆಯಲ್ಲಿ ಬ್ರಿಟಿಷರ ಬಾವುಟ ಎರಡಕ್ಕೂ ಇದೆ.

2015ರಲ್ಲಿ ಸರ್ಕಾರ ಈ ಬಾವುಟ ಬದಲಾಗಬೇಕೇ ಎಂದು ಜನರನ್ನು ಕೇಳಿತು. ಎರಡು ಸುತ್ತಿನ ಮತದಾನ. ಮೊದಲು ಐದು ಹೊಸ ಚಿತ್ರಗಳಲ್ಲಿ ಒಂದನ್ನು ಆರಿಸಬೇಕು, ಮರುವರ್ಷ ಗೆದ್ದದ್ದನ್ನು ಹಳೆಯದರ ಎದುರು ನಿಲ್ಲಿಸಬೇಕು. ನಾನೂ ನನ್ನ ಗಂಡನೂ ಆಗಿನ್ನೂ ಭಾರತದ ಪಾಸ್‌ಪೋರ್ಟಿನವರು. ಆದರೆ ಇಲ್ಲಿ ಕಾಯಂ ವಾಸಿಗಳಿಗೂ ಮತವುಂಟು, ಹಾಗಾಗಿ ಚೀಟಿ ಅಂಚೆಯಲ್ಲಿ ಮನೆಗೇ ಬಂತು. ಪೆನ್‌ರೋಸಿನ ಗೋದಾಮೊಂದರಲ್ಲಿ ಸೂಪರ್‌ವೈಸರ್ ಆಗಿದ್ದ ನನ್ನ ಗಂಡ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ.

"ಅಲ್ಲಾ, ನಮ್ಮ ಮನಿ ಗ್ವಾಡಿಗೆ ಯಾವ ಬಣ್ಣ ಬೇಕಂತ ಲ್ಯಾಂಡ್‌ಲಾರ್ಡ್ ಒಂದ್ ದಿನಾ ಕೇಳಿಲ್ಲ. ದೇಶದ ಬಾವುಟ ಯಾವ್ದಿರಬೇಕಂತ ಕೇಳಾಕತ್ತಾರ ನೋಡು," ಎಂದ.

ಇಲ್ಲಿಯೇ ಹುಟ್ಟಿದ ಮಗಳು ಇಣುಕಿ, ಜರಿಗಿಡದ ಎಲೆ ಇದ್ದ ಚಿತ್ರದ ಮೇಲೆ ಬೆರಳಿಟ್ಟು, "ದಟ್ ಒನ್ ಲುಕ್ಸ್ ಲೈಕ್ ಎ ಟೀ ಟವೆಲ್, ಅಪ್ಪಾ," ಎಂದಳು. ಪಾತ್ರೆ ಒರೆಸುವ ಬಟ್ಟೆಯಂತೆ! ಅಷ್ಟಕ್ಕೆ ನಮ್ಮ ಮನೆಯ ರಾಜಕೀಯ ಚರ್ಚೆ ಮುಗಿಯಿತು.

ಆಶ್ರಮದಲ್ಲಿ ಮಾತ್ರ ಅದು ಅಷ್ಟು ಸುಲಭಕ್ಕೆ ಮುಗಿಯಲಿಲ್ಲ. ಹಿರಿಯರಿಗೆ ಹೊತ್ತು ಹೋಗಲೆಂದು ಮ್ಯಾನೇಜರಮ್ಮ ಊಟದ ಕೋಣೆಯಲ್ಲಿ ಈ ದೇಶದ ಬಾವುಟಗಳದೊಂದು ಪಟ ಅಂಟಿಸಿದಳು. ರಾಷ್ಟ್ರದ್ದು, ನೌಕಾಪಡೆಯ ಬಿಳಿಯದು, ವಾಯುಪಡೆಯ ತಿಳಿನೀಲಿ, ಸರಕು ಹಡಗುಗಳ ಕೆಂಪು. ಹೊತ್ತೇನೋ ಹೋಯಿತು, ಜೊತೆಗೆ ನೆಮ್ಮದಿಯೂ ಹೋಯಿತು. ವರ್ಷಗಟ್ಟಲೆ ಒಟ್ಟಿಗೆ ಸೂಪು ಕುಡಿದವರು ಬೇರೆ ಬೇರೆ ಟೇಬಲ್ಲಿಗೆ ಹೋದರು. ದಕ್ಷಿಣದ ಕಡೆಯವನಾದ ಅಡುಗೆಯವನು, ನನಗೆ ಇವ್ಯಾವುದೂ ಬೇಡ ಎನ್ನುತ್ತ ತನ್ನ ಒಟಾಗೋ ಪ್ರಾಂತ್ಯದ ನೀಲಿ-ಬಂಗಾರದ ಬಾವುಟವನ್ನು ಫ್ರಿಜ್ಜಿಗೆ ಅಂಟಿಸಿದ. ನನ್ನ ಜೊತೆ ಕೆಲಸ ಮಾಡುತ್ತಿದ್ದ, ಈ ನೆಲದ ಮೂಲನಿವಾಸಿಗಳಾದ ಮಾವೊರಿ ಜನರ ಗೆಳತಿಯ ಕಾರಿನ ಹಿಂದೆ ಅವಳ ಜನರ ಕಪ್ಪು, ಬಿಳಿ, ಕೆಂಪು ಬಾವುಟ ಮೊದಲಿನಿಂದಲೂ ಇತ್ತು. "ಐದು ಚಿತ್ರ ಕೊಟ್ಟಿದಾರೆ. ಅದರಲ್ಲಿ ನಮ್ಮದಿದೆಯಾ, ನೋಡು," ಎಂದು ಹಾಸಿಗೆಗೆ ಬೆಡ್‌ಶೀಟ್ ಹಾಸುತ್ತ ಕೇಳಿದಳು. ನೋಡಿದೆ. ಇರಲಿಲ್ಲ.

ಈ ಗದ್ದಲದಲ್ಲಿ ಬಾಯಿ ಬಿಡದೆ ಕೂತಿದ್ದವರು ಒಬ್ಬರೇ. ಅವರಿಗೆ ಬಾಯಿ ಬಿಡಲು ಆಗುತ್ತಿರಲಿಲ್ಲ. ಮನೆಯಲ್ಲಿ ನಾನು ಅವರನ್ನು ನೇವಿ ಅಜ್ಜ ಎನ್ನುತ್ತಿದ್ದೆ. ಹರೆಯದಲ್ಲಿ ನೌಕಾಪಡೆಯ ಹಡಗಿನಲ್ಲಿ ಸಿಗ್ನಲ್ ವಿಭಾಗದಲ್ಲಿದ್ದವರು. ಒಂದು ಹಡಗಿನಿಂದ ಇನ್ನೊಂದಕ್ಕೆ ಬಾವುಟಗಳ ಮೂಲಕ ಮಾತಾಡುವುದೇ ಅವರ ಕೆಲಸವಾಗಿತ್ತು. ಆಶ್ರಮಕ್ಕೆ ಸೇರಿದ ಮೇಲೆ ಕಂಬದ ಉಸ್ತುವಾರಿಯನ್ನು ಯಾರೂ ಕೊಡದೆಯೇ ತೆಗೆದುಕೊಂಡಿದ್ದರು. ಬೇರೆ ದಿನ ಯಾರಾದರೂ ಕೈಹಾಕಿದರೆ ಗೊಣಗಿ ಸುಮ್ಮನಾಗುತ್ತಿದ್ದರು. ಆನ್ಜಾಕ್ ದಿನ, ಅಂದರೆ ಏಪ್ರಿಲ್‌ನಲ್ಲಿ ಬರುವ, ಯುದ್ಧಗಳಲ್ಲಿ ಸತ್ತವರನ್ನು ನೆನೆಯುವ ದಿನ ಮಾತ್ರ ಆ ಹಗ್ಗವನ್ನು ಇನ್ನೊಬ್ಬರು ಮುಟ್ಟುವಂತಿರಲಿಲ್ಲ. ಪದಕಗಳನ್ನು ಎದೆಗೆ ಚುಚ್ಚಿಕೊಂಡು ತಾವೇ ಏರಿಸಬೇಕು. ಅವರ ಜೊತೆ ಹಡಗಿನಲ್ಲಿದ್ದವರಲ್ಲಿ ಉಳಿದವರು ಅವರೊಬ್ಬರೇ ಎಂದು ಒಮ್ಮೆ ಹೇಳಿದ್ದರು.

ಮೊದಲ ಸುತ್ತಿನ ಮತದಾನಕ್ಕೆ ಸ್ವಲ್ಪ ಮುಂಚೆ ಅವರಿಗೆ ಸ್ಟ್ರೋಕ್ ಆಯಿತು. ಬಲಗೈ ಹೋಯಿತು, ಮಾತು ಹೋಯಿತು, ಬರೆಯುವುದೂ ಹೋಯಿತು. ಬುದ್ಧಿ ಮಾತ್ರ ನೆಟ್ಟಗಿತ್ತು. ಅದೇ ಕಷ್ಟ. ಬೆಳಿಗ್ಗೆ ಮೇಂಟೆನೆನ್ಸ್‌ನವನು ಬಾವುಟ ಏರಿಸುವಾಗ ಇವರು ವ್ಹೀಲ್‌ಚೇರಿನಲ್ಲಿ ಕಿಟಕಿಯ ಹತ್ತಿರ ಕೂತು ನೋಡುತ್ತಿದ್ದರು. ಬಾವುಟ ಏರಿಸಲು ಎರಡು ಕೈ ಬೇಕು. ಒಂದು ಎಳೆಯಬೇಕು, ಇನ್ನೊಂದು ಎಳೆದದ್ದನ್ನು ಹಿಡಿದಿರಬೇಕು. ಒಂದೇ ಕೈಯವರಿಗೆ ಅದು ಆಗದ ಕೆಲಸ.

ಆಗಲೇ ಅವರು ಒಂದು ಸನ್ನೆ ಶುರು ಮಾಡಿದರು. ಎಡಗೈಯನ್ನು ಗಾಳಿಯಲ್ಲಿ ಗುಂಡಗೆ ಸುತ್ತುವರು, ಆಮೇಲೆ ಮುಷ್ಟಿ ಹಿಡಿದು ಕೆಳಕ್ಕೆ ಒಮ್ಮೆ ಜಗ್ಗುವರು, ಕೊನೆಗೆ ಐದೂ ಬೆರಳು ಅಗಲಿಸಿ ಕೆಳಗಿಳಿಸುವರು. ನಾವು ವಿದ್ಯಾವಂತರೆಲ್ಲ ಸೇರಿ ಇದಕ್ಕೆ ಅರ್ಥ ಹಚ್ಚಿದೆವು. ಜಗ್ಗುವುದು ನೋಡಿ ಕಿಟಕಿಯ ಪರದೆ ಎಂದುಕೊಂಡು ಮ್ಯಾನೇಜರಮ್ಮ ಅದನ್ನು ಮೇಲೆ ಕೆಳಗೆ ಮಾಡಿದಳು. ಗೆಳತಿ ಟಾಯ್ಲೆಟ್ಟಿಗೆ ಕರೆದುಕೊಂಡು ಹೋದಳು. ನರ್ಸಿಗೆ ಸುತ್ತುವುದೆಲ್ಲ ಬ್ಯಾಂಡೇಜೇ ಆದ್ದರಿಂದ ನಾನು ಅವರ ಮೈಯೆಲ್ಲ ಗಾಯ ಹುಡುಕಿದೆ. ಅವರು ಕಣ್ಣು ಮುಚ್ಚಿ ಕೂತುಬಿಟ್ಟರು. ನಮ್ಮ ದಡ್ಡತನಕ್ಕೆ ಅವರಲ್ಲಿ ಬೈಗುಳ ಬೇಕಾದಷ್ಟಿತ್ತು, ಹೊರಗೆ ಬರಲು ದಾರಿ ಇರಲಿಲ್ಲ.

ಜನವರಿಯಲ್ಲಿ ಪಾಪಟೊಯ್‌ಟೊಯ್‌ನ ಒಂದು ಹಾಲ್‌ನಲ್ಲಿ ನಮ್ಮವರ ಗಣರಾಜ್ಯೋತ್ಸವ. ಊರಲ್ಲಿ ಶಾಲೆಯಲ್ಲಿ ಮಾಡುತ್ತಿದ್ದಂತೆಯೇ. ತ್ರಿವರ್ಣವನ್ನು ಮಡಿಚಿ, ಸುತ್ತಿ, ಒಳಗೆ ಹೂವಿನ ಪಕಳೆ ತುಂಬಿ, ಜೀರುಗುಣಿಕೆ ಹಾಕಿ, ಗಂಟಿನ ಸಮೇತ ಮೊದಲೇ ಕಂಬದ ತುದಿಗೆ ಏರಿಸಿ ಇಟ್ಟಿರುತ್ತಾರೆ. ಅತಿಥಿಗಳು ಬಂದು ಹಗ್ಗವನ್ನು ಒಮ್ಮೆ ಜಗ್ಗಿದರೆ ಗಂಟು ಬಿಚ್ಚಿ, ಬಾವುಟ ಅರಳಿ, ಹೂವು ಸುರಿಯಬೇಕು. ಎಲ್ಲ ಗಂಟಿನ ಮೇಲೆ ನಿಂತಿದೆ. ಆ ದಿನ ಗಂಟು ಹಾಕಿದ ಅಂಕಲ್ ಜೀರುಗುಣಿಕೆ ಹಾಕಲು ಹೋಗಿ ಕಗ್ಗಂಟು ಹಾಕಿದ್ದರು. ಅತಿಥಿಯಾಗಿದ್ದ ಡಾಕ್ಟರು ಜಗ್ಗಿದರು, ಮತ್ತೆ ಜಗ್ಗಿದರು, ಕೊನೆಗೆ ಜೋತುಬಿದ್ದರು.

"ಯಾರ್ರೀ ಗಂಟ್ ಹಾಕಿದವರು? ಜೀರುಗುಣಿಕಿ ಹಾಕಾಕ ಬರಂಗಿಲ್ಲಂದ್ರ ಹೇಳಬೇಕಿಲ್ಲೋ!" ಎಂದು ನನ್ನ ಗಂಡ ಹಿಂದಿನ ಸಾಲಿನಿಂದ ಕೂಗಿದ. ಎಲ್ಲರೂ ನಕ್ಕರು. ನಾನೂ ನಗುತ್ತಿದ್ದವಳು ಡಾಕ್ಟರ ಕೈಯನ್ನೇ ನೋಡಿದೆ. ಕೆಳಕ್ಕೆ ಒಂದು ಜಗ್ಗು. ಅದಕ್ಕೂ ಮೊದಲು ಸುತ್ತಬೇಕು. ಆಮೇಲೆ ಬೆರಳು ಅಗಲಿಸಿದರೆ ಹೂವು. ನನ್ನ ನಗು ಅಲ್ಲಿಗೇ ನಿಂತಿತು. ಹುಬ್ಬಳ್ಳಿಯ ಶಾಲೆಯಲ್ಲಿ ಪ್ರತಿ ವರ್ಷ ಈ ಗಂಟು ಹಾಕುತ್ತಿದ್ದವಳೇ ನಾನು. ನನಗೇ ಹೊಳೆದಿರಲಿಲ್ಲ.

ಮರುದಿನ ಒಂದು ದಿಂಬಿನ ಗವಸು, ಒಂದಿಷ್ಟು ದಾರ ಹಿಡಿದು ನೇವಿ ಅಜ್ಜನ ಕೋಣೆಗೆ ಹೋದೆ. ಗವಸನ್ನು ಸುತ್ತಿ, ಜೀರುಗುಣಿಕೆ ಹಾಕಿ, ಪರದೆಯ ಸರಳಿಗೆ ನೇತುಹಾಕಿ, ದಾರದ ತುದಿಯನ್ನು ಅವರ ಎಡಗೈಗೆ ಕೊಟ್ಟೆ. ಅವರು ನನ್ನ ಮುಖ ನೋಡಿದರು, ಮೇಲೆ ನೋಡಿದರು, ಜಗ್ಗಿದರು. ಗವಸು ಬಿಚ್ಚಿ ಜೋತಾಡಿತು. ಅವರು ಅದರ ಕೆಳಗೆ ಕೂತು ಬಿಕ್ಕಿಬಿಕ್ಕಿ ಅತ್ತರು. ಆಮೇಲೆ ಎದೆಗೆ ಕೈ ಬಡಿದುಕೊಂಡು ಕಿಟಕಿಯಾಚೆಯ ಕಂಬ ತೋರಿಸಿದರು. ನಾನೇ, ಎಂದು. ಹಡಗಿನಲ್ಲೂ ಬಾವುಟವನ್ನು ಹೀಗೆ ಸುತ್ತಿ ಏರಿಸಿ ಮೇಲೆ ಬಿಚ್ಚುವ ಪದ್ಧತಿ ಇದೆಯೆಂದು ನನಗೆ ತಿಳಿದದ್ದು ಆಮೇಲೆ. ತಿಂಗಳುಗಟ್ಟಲೆ ಅವರು ಕೇಳಿದ್ದು ಇಷ್ಟೇ: ಸುತ್ತಿ ಏರಿಸಿ ಕೊಡಿ, ಜಗ್ಗುವುದು ನನಗಿರಲಿ.

ಮ್ಯಾನೇಜರಮ್ಮ ಕೂಡಲೇ ಒಪ್ಪಲಿಲ್ಲ. ಅವಳ ಮಾತಿನಲ್ಲೂ ಹುರುಳಿತ್ತು. "ಆನ್ಜಾಕ್ ದಿನ ಎಲ್ಲರ ಮನೆಯವರು ಬಂದಿರ್ತಾರೆ. ಅಷ್ಟು ಜನರ ಮುಂದೆ ಅದು ಬಿಚ್ಚಿಕೊಳ್ಳದಿದ್ದರೆ? ಅವರು ಮತ್ತೆ ಆ ಕಿಟಕಿಯ ಹತ್ತಿರವೂ ಬರಲ್ಲ," ಎಂದಳು. ಬಿಚ್ಚಿಕೊಳ್ಳುತ್ತದೆ ಎಂದೆ. ಹೇಳುವಾಗ ಧೈರ್ಯವಿತ್ತು. ಮಾರ್ಚಿನಲ್ಲಿ ಎರಡನೆಯ ಸುತ್ತಿನ ಮತದಾನ ಮುಗಿದು ಹಳೆಯ ಬಾವುಟವೇ ಗೆದ್ದಿತು. ನಾನು ಯಾವುದಕ್ಕೆ ಮತ ಹಾಕಿದೆ ಎನ್ನುವುದು ಇಲ್ಲಿ ಮುಖ್ಯವಲ್ಲ. ಆ ಹೊತ್ತಿಗೆ ನನ್ನ ತಲೆಯಲ್ಲಿ ಇದ್ದದ್ದು ಗಂಟು ಒಂದೇ.

ಆನ್ಜಾಕ್ ಬೆಳಿಗ್ಗೆ ಊರಿನವರು ನಸುಕಿಗೇ ಸ್ಮಾರಕದ ಹತ್ತಿರ ಸೇರುತ್ತಾರೆ. ನಮ್ಮ ಹಿರಿಯರು ಅಷ್ಟು ಬೇಗ ಏಳುವವರಲ್ಲ, ತಿಂಡಿಯ ನಂತರ ಅಂಗಳದಲ್ಲಿ ನಮ್ಮದು. ಮೊದಲೇ ಹೋಗಿ ಬಾವುಟ ಮಡಿಚಿದೆ. ಬ್ರಿಟಿಷರ ಮೂಲೆ ಮೇಲೆ ಬರುವಂತೆ ಎರಡು ಸಲ ನೋಡಿಕೊಂಡೆ. ಆಮೇಲೆ ಕೈ ತನ್ನಷ್ಟಕ್ಕೆ ತಾನೇ ಹಳೆಯ ಕೆಲಸ ಮಾಡಿತು. ಅಂಗಳದಲ್ಲಿ ಹಳದಿ ಸೇವಂತಿಗೆ ಬಿಟ್ಟಿತ್ತು. ಎರಡು ಹಿಡಿ ಪಕಳೆ ಕಿತ್ತು ಒಳಗೆ ತುಂಬಿದೆ. ಬೆರಳು ಅಗಲಿಸಿ ಕೆಳಗಿಳಿಸಿದ್ದರಲ್ಲ, ಹೂವೂ ಬೇಕೆಂದೇ ಹೇಳಿದ್ದು ಎಂದು ನನ್ನ ಲೆಕ್ಕ. ಜೀರುಗುಣಿಕೆ ಹಾಕಿದೆ. ಮೇಂಟೆನೆನ್ಸ್‌ನವನು ಅದನ್ನು ತುದಿಗೆ ಏರಿಸಿದ.

ನೇವಿ ಅಜ್ಜ ಪದಕ ಹಾಕಿಕೊಂಡು ವ್ಹೀಲ್‌ಚೇರಿನಲ್ಲಿ ಬಂದರು. ಮ್ಯಾನೇಜರಮ್ಮನ ಫೋನಿನಿಂದ ಕಹಳೆಯ ದನಿ ಶುರುವಾಯಿತು. ಅವರು ಹಗ್ಗ ಹಿಡಿದು ಜಗ್ಗಿದರು.

ಬಿಚ್ಚಲಿಲ್ಲ.

ಮೇಂಟೆನೆನ್ಸ್‌ನವನು ಒಂದು ಹೆಜ್ಜೆ ಮುಂದಿಟ್ಟ. ನಾನು ಅವನ ತೋಳು ಗಟ್ಟಿಯಾಗಿ ಹಿಡಿದುಕೊಂಡೆ. ಅವರು ಹಗ್ಗವನ್ನು ಮಣಿಕಟ್ಟಿಗೆ ಒಂದು ಸುತ್ತು ಸುತ್ತಿಕೊಂಡು, ಇಡೀ ಮೈಯನ್ನು ಹಿಂದಕ್ಕೆ ಹಾಕಿ ಮತ್ತೊಮ್ಮೆ ಜಗ್ಗಿದರು. ಗಂಟು ಸಡಿಲಿ ಬಾವುಟ ಪಟ್ಟನೆ ಬಿಚ್ಚಿಕೊಂಡಿತು. ಅವರ ತಲೆ, ಭುಜ, ಪದಕಗಳ ಮೇಲೆಲ್ಲ ಹಳದಿ ಪಕಳೆ ಸುರಿದವು. ನಾನು ಜೋರಾಗಿ ಚಪ್ಪಾಳೆ ಹೊಡೆದೆ.

ನಾನೊಬ್ಬಳೇ. ಸತ್ತವರನ್ನು ನೆನೆಯುವ ಹೊತ್ತು ಅದು, ಎಲ್ಲರೂ ತಲೆ ತಗ್ಗಿಸಿ ನಿಂತಿದ್ದರು. ನಮ್ಮಲ್ಲಿ ಬಾವುಟ ಅರಳಿದರೆ ಚಪ್ಪಾಳೆ, ಚಾಕಲೇಟು. ಇಲ್ಲಿ ಮೌನ. ಗೆಳತಿ ನನ್ನ ಕಡೆ ಓರೆಗಣ್ಣಿನಲ್ಲಿ ನೋಡಿ, ನಗು ತಡೆಯಲು ತುಟಿ ಕಚ್ಚಿಕೊಂಡಳು. ನೇವಿ ಅಜ್ಜ ಭುಜದ ಮೇಲಿನ ಪಕಳೆಯೊಂದನ್ನು ಎತ್ತಿ, ಇದೇನು ಎಂಬಂತೆ ನೋಡಿದರು. ಅವರು ಕೇಳಿದ್ದು ಹೂವಲ್ಲ ಎಂದು ನನಗೆ ಆಗ ಗೊತ್ತಾಯಿತು. ಬೆರಳು ಅಗಲಿಸಿದ್ದು ಬಾವುಟ ಬಿಚ್ಚಿಕೊಳ್ಳುವುದಕ್ಕೆ.

ಆ ದಿನ ಬಾವುಟ ತುದಿ ಮುಟ್ಟಿದ ಮೇಲೆ ಅರ್ಧಕ್ಕೆ ಇಳಿಯಬೇಕು. ಇಳಿಸಲು ಒಂದು ಕೈ ಸಾಕು, ಹಗ್ಗವನ್ನು ಬೆರಳ ಸಂದಿಯಿಂದ ಜಾರಬಿಟ್ಟರೆ ಆಯಿತು. ಅದನ್ನೂ ಅವರೇ ಮಾಡಿದರು, ಯಾವ ಅವಸರವೂ ಇಲ್ಲದೆ. ಫೋನಿನ ಕಹಳೆ ಮುಗಿದು ಯಾವುದೋ ಜಾಹೀರಾತು ಶುರುವಾಗಿ, ಮ್ಯಾನೇಜರಮ್ಮ ಗಾಬರಿಯಲ್ಲಿ ಅದನ್ನು ಆರಿಸಿದರೂ ಬಾವುಟ ಇನ್ನೂ ಇಳಿಯುತ್ತಲೇ ಇತ್ತು. ಒಬ್ಬರೂ ಅಲುಗಲಿಲ್ಲ.

ಎಲ್ಲ ಮುಗಿಯಿತೆಂದುಕೊಂಡು ಬಿಸ್ಕತ್ತು, ಚಹಾ ಹಂಚಿದೆವು. ಬಂದವರು ಹೋದರು. ಮೇಂಟೆನೆನ್ಸ್‌ನವನು ತನ್ನ ಪಿಕಪ್ ಗಾಡಿ ಹತ್ತಿ ಮನೆಗೆ ಹೋದ. ಮಧ್ಯಾಹ್ನದ ಮಾತ್ರೆ ಕೊಡಲು ಹೋದಾಗ ನೇವಿ ಅಜ್ಜ ಕೋಣೆಯಲ್ಲಿ ಇರಲಿಲ್ಲ. ವ್ಹೀಲ್‌ಚೇರನ್ನು ಎಡಗಾಲಿನಿಂದ ನೂಕಿಕೊಂಡು ಬಂದು ಕಂಬದ ಬುಡದಲ್ಲಿದ್ದರು, ಒಬ್ಬರೇ. ಅರ್ಧಕ್ಕಿಳಿದ ಬಾವುಟವನ್ನು ಆನ್ಜಾಕ್ ಮಧ್ಯಾಹ್ನ ಮತ್ತೆ ತುದಿಗೆ ಏರಿಸಬೇಕು. ನಮಗ್ಯಾರಿಗೂ ಅದು ನೆನಪಿರಲಿಲ್ಲ.

ಈಗ ಜೀರುಗುಣಿಕೆಯಿಂದ ಉಪಯೋಗವಿಲ್ಲ, ಬಾವುಟ ಬಿಚ್ಚಿಯಾಗಿದೆ. ಅವರು ಒಮ್ಮೆ ಎಳೆಯುವರು, ಹಿಡಿ ಬದಲಿಸುವಷ್ಟರಲ್ಲಿ ಹಗ್ಗ ಜಾರಿ ಬಾವುಟ ಮೊದಲಿದ್ದಲ್ಲಿಗೇ ಬರುವುದು. ಹಗ್ಗವನ್ನು ಹಲ್ಲಿನಲ್ಲಿ ಕಚ್ಚಿಹಿಡಿದೂ ನೋಡಿದರು. ಎಷ್ಟು ಹೊತ್ತಿನಿಂದ ಹೀಗೆ ಮಾಡುತ್ತಿದ್ದರೋ, ಅಂಗೈ ಕೆಂಪಗಾಗಿತ್ತು. ನಾನು ಹತ್ತಿರ ಹೋಗಿ ಹಗ್ಗಕ್ಕೆ ಕೈ ಹಾಕಿದೆ. ತಳ್ಳಿಬಿಟ್ಟರು. ಇನ್ನೊಂದು ಸಲ ಎಳೆದರು, ಇನ್ನೊಂದು ಸಲ ಜಾರಿತು. ಆಗ ಮೇಲೆ ನೋಡದೆಯೇ ನನ್ನ ಬಲಗೈಯನ್ನು ಹಿಡಿದು ಹಗ್ಗದ ಮೇಲಿಟ್ಟು, ಅದರ ಕೆಳಗೆ ತಾವೂ ಹಗ್ಗ ಹಿಡಿದರು.

ಅವರು ಎಳೆದಾಗ ನಾನು ಹಿಡಿದೆ. ನಾನು ಎಳೆದಾಗ ಅವರು ಹಿಡಿದರು. ನನ್ನ ಎಡಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡೆ, ಯಾಕೆಂದು ಕೇಳಬೇಡಿ, ಅದನ್ನು ಬಳಸುವುದು ಸರಿಯೆನಿಸಲಿಲ್ಲ. ಬಾವುಟ ತಡೆತಡೆದು ಮೇಲೆ ಹೋಯಿತು. ತುದಿಗೆ ಇನ್ನೊಂದೇ ಎಳೆತ ಉಳಿದಿತ್ತು, ಅದು ಅವರ ಪಾಳಿ. ಅವರು ಎಳೆಯಲಿಲ್ಲ. ಹಗ್ಗ ಬಿಟ್ಟು ಕೈಯನ್ನು ತೊಡೆಯ ಮೇಲಿಟ್ಟುಕೊಂಡು, ಗದ್ದ ಎತ್ತಿ ನನಗೆ ಮೇಲೆ ತೋರಿಸಿದರು. ನನಗೆ ಅಳು ಬಂದು ಕಂಬದ ತುದಿಯೇ ಕಾಣಲಿಲ್ಲ. ಎಡಗೈಯನ್ನೂ ಮುಂದೆ ತಂದು ಎಳೆದೆ.