ಗೋಡೆ ಕಡೆ ತಿರುಗುವವಳು

ನನ್ನ ಓರಗಿತ್ತಿಗೆ ಆಸ್ಪತ್ರೆಯವರೆಲ್ಲ ಸೇರಿ ಇಟ್ಟ ಹೆಸರು ಗೋಡೆಮ್ಮ. ಯಾರಾದರೂ ಅವಳೆದುರು ಪಾಸ್‌ವರ್ಡ್ ಒತ್ತತೊಡಗಿದರೆ ಸಾಕು, ತಟ್ಟನೆ ಗೋಡೆಗೆ ಮುಖ ಮಾಡಿ ನಿಂತುಬಿಡುತ್ತಾಳೆ. ದೊಡ್ಡ ಡಾಕ್ಟರ ಕಂಪ್ಯೂಟರಾದರೂ ಅಷ್ಟೇ, ಕಸ ಗುಡಿಸುವವಳ ಮೊಬೈಲಾದರೂ ಅಷ್ಟೇ. ಮನೆಯಲ್ಲೂ ಅದೇ ನಾಟಕ. ಅತ್ತೆ ತಮ್ಮ ಫೋನಿನ ನಾಲ್ಕು ಅಂಕಿ ಒತ್ತುವಾಗ ಇವಳು ಬಟ್ಟೆ ಮಡಿಸುವುದನ್ನು ಬಿಟ್ಟು ಗೋಡೆ ನೋಡುತ್ತಾಳೆ. ಅಬ್ಬಬ್ಬಾ, ಏನು ಸತ್ಯವಂತೆ!

ಮುಚ್ಚುಮರೆ ಯಾಕೆ, ಅವಳನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ನಾನು ಈ ಮನೆಗೆ ಬಂದು ಹದಿನಾಲ್ಕು ವರ್ಷ, ಅವಳು ಬಂದು ಐದು. ಇಬ್ಬರಿಗೂ ಒಂದೇ ಆಸ್ಪತ್ರೆಯಲ್ಲಿ ಕೆಲಸ. ಬಾಗಿಲ ಪಕ್ಕದ ನೋಂದಣಿ ಕೌಂಟರ್ ನನ್ನದು, ಮಹಡಿ ಮೇಲಿನ ತಣ್ಣನೆಯ ಕಂಪ್ಯೂಟರ್ ಕೋಣೆ ಅವಳದು. ಯಾರು ಯಾವ ರೋಗಿಯ ರಿಪೋರ್ಟ್ ತೆರೆದು ನೋಡಿದರು ಎಂಬ ಪಟ್ಟಿ ಮರುದಿನ ಬೆಳಿಗ್ಗೆ ಅವಳ ಮುಂದೆ ಬರುತ್ತದೆ. ಜನ ನನ್ನನ್ನು "ರೀ, ಇನ್ನೂ ಎಷ್ಟು ಹೊತ್ತು?" ಎಂದು ಗದರುತ್ತಾರೆ, ಅವಳಿಗೆ "ಮೇಡಂ" ಎನ್ನುತ್ತಾರೆ. ಹೋಗಲಿ, ಅದನ್ನಾದರೂ ಸಹಿಸಿಕೊಂಡೇನು. ಆದರೆ ಅತ್ತೆ? ಒಂಬತ್ತು ವರ್ಷ ಎಲ್ಲಕ್ಕೂ "ದೊಡ್ಡವಳನ್ನ ಕೇಳಿ" ಎನ್ನುತ್ತಿದ್ದವರು, ಈಗ ಬೀರುವಿನ ಕೀಲಿಯಿಂದ ಹಿಡಿದು ಮಾತ್ರೆ ಡಬ್ಬಿಯವರೆಗೆ "ಚಿಕ್ಕವಳ ಹತ್ರ ಇದೆ" ಎನ್ನುತ್ತಾರೆ. ಆ ಜಾಗ ನನಗೆ ವಾಪಸ್ ಬೇಕಿತ್ತು, ಅಷ್ಟೇ.

ಅತ್ತೆಯ ಎದೆಯಲ್ಲಿ ಗಂಟು ಕಾಣಿಸಿತು. ಅದರ ಚೂರು ತೆಗೆದು ನಮ್ಮ ಆಸ್ಪತ್ರೆಯಲ್ಲೇ ಪರೀಕ್ಷೆಗೆ ಕೊಟ್ಟರು. ನಾಲ್ಕು ದಿನ ಅತ್ತೆ ಊಟಕ್ಕೆ ಕೂತು ಹಾಗೇ ಎದ್ದುಹೋದರು. ಐದನೆಯ ದಿನ ಬೆಳಿಗ್ಗೆ ನಾನು ಮಹಡಿ ಹತ್ತಿದೆ.

"ಏನೇ, ರಿಪೋರ್ಟ್ ಬಂದಿರತ್ತೆ. ಒಂದ್ಸಲ ನೋಡಿ ಹೇಳಬಾರ್ದಾ?"

"ನೋಡೋಕಾಗತ್ತೆ ಅಕ್ಕ, ಆದ್ರೆ ನೋಡಬಾರ್ದು. ಕಂಪ್ಯೂಟರ್ ಕೆಡದ ಹಾಗೆ ನೋಡ್ಕೊಳ್ಳೋದು ನನ್ನ ಕೆಲಸ, ರಿಪೋರ್ಟ್ ಓದೋದಲ್ಲ. ನಾಳೆ ಡಾಕ್ಟ್ರೇ ಹೇಳ್ತಾರೆ."

"ನಿನ್ನ ಅತ್ತೆ ಕಣೇ ಅವರು! ಕರುಳು ಅನ್ನೋದಿದ್ಯಾ ನಿಂಗೆ?"

"ಇದೆ. ಅದಕ್ಕೇ ಬೆಳಗ್ಗೆಯಿಂದ ರಿಪೋರ್ಟ್ ಕಾಣೋ ಆ ಕಂಪ್ಯೂಟರ್ ಹತ್ರಾನೇ ಹೋಗಿಲ್ಲ."

ಅವಳ ಕಣ್ಣು ಕೆಂಪಗಿತ್ತು. ನೋಡಿಯೂ ನೋಡದವಳಂತೆ ಇಳಿದು ಬಂದೆ.

ಮಧ್ಯಾಹ್ನ ನನ್ನ ಕೌಂಟರ್ ಪಕ್ಕದ ಲ್ಯಾಬಿನವನು ಊಟಕ್ಕೆ ಎದ್ದ. ಕಂಪ್ಯೂಟರ್ ಹಾಗೇ ತೆರೆದಿತ್ತು. ಅವಳು ಹೇಳದ ಸುದ್ದಿಯನ್ನು ನಾನು ಹೇಳಿದರೆ? ಒಳಗೆ ನುಗ್ಗಿ ಅತ್ತೆಯ ಹೆಸರು ಒತ್ತಿದೆ. ಹೆಸರು ಸರಿ, ವಯಸ್ಸು ಅರವತ್ತೆಂಟು, ಅದೂ ಸರಿ. ಕ್ಯಾನ್ಸರ್ ಇಲ್ಲ! ಆಗಲೇ ಮನೆಗೆ ಫೋನ್ ಮಾಡಿದೆ. ಸಂಜೆ ಅತ್ತೆ ನನ್ನ ಕೈ ಹಿಡಿದು ಬಿಕ್ಕಿದರು, ಎರಡು ಸಲ ಬಡಿಸಿಕೊಂಡು ಉಂಡರು. "ಹಾಲು ಕುಡಿದಷ್ಟು ಸಂತೋಷ ಆಯ್ತು ಕಣೇ ದೊಡ್ಡವಳೇ" ಎಂದರು. ಓರಗಿತ್ತಿ ತಲೆ ತಗ್ಗಿಸಿ ತಟ್ಟೆ ನೋಡುತ್ತಿದ್ದಳು. ಅದನ್ನು ಕಂಡು ನನಗಾದ ಸುಖ ಹೇಳತೀರದು.

ಮರುದಿನ ಡಾಕ್ಟರು ಅತ್ತೆಯನ್ನು ಕೂರಿಸಿಕೊಂಡು ಮೆತ್ತಗೆ ಹೇಳಿದರು: ಕ್ಯಾನ್ಸರ್ ಇದೆ, ಆಪರೇಷನ್ ಆಗಬೇಕು. ಅತ್ತೆ ನಕ್ಕುಬಿಟ್ಟರು.

"ಇಲ್ಲ ಡಾಕ್ಟ್ರೇ, ಏನೂ ಇಲ್ವಂತೆ. ನಮ್ಮ ದೊಡ್ಡವಳು ನೋಡಿದಾಳೆ."

ಡಾಕ್ಟರು ಮೂರು ಸಲ ಹೇಳಬೇಕಾಯಿತು. ನಾನು ನೋಡಿದ್ದು ಅದೇ ಹೆಸರಿನ, ಅದೇ ವಯಸ್ಸಿನ ಇನ್ಯಾರೋ ಹೆಂಗಸಿನ ರಿಪೋರ್ಟು. ದಿನಕ್ಕೆ ಐವತ್ತು ಸಲ ಕೌಂಟರಿನಲ್ಲಿ "ಹೆಸರು ಬೇಡಮ್ಮ, ನೋಂದಣಿ ನಂಬರ್ ಹೇಳಿ" ಎಂದು ರೇಗುವವಳು ನಾನು. ಹೇಳೋದು ಆಚಾರ, ತಿನ್ನೋದು ಬದನೇಕಾಯಿ!

ಓರಗಿತ್ತಿ ನನ್ನನ್ನು ಮೆಟ್ಟಿಲ ಬಳಿ ನಿಲ್ಲಿಸಿದಳು.

"ಅಕ್ಕ, ಆ ರಿಪೋರ್ಟ್ ನೋಡಿದವರ ಪಟ್ಟಿಯಲ್ಲಿ ಲ್ಯಾಬಿನವರ ಹೆಸರು ಬಂದಿದೆ. ಆಗ ಅವರು ಊಟಕ್ಕೆ ಹೋಗಿದ್ರು. ನೀವೇ ಒಪ್ಕೊಳ್ತೀರಾ, ನಾನು ಮೇಲಿನವರಿಗೆ ಬರೀಲಾ?"

"ಮನೆ ಮಾನ ಬೀದಿಗೆ ತರ್ತೀಯಾ?"

"ಆ ಇನ್ನೊಬ್ಬ ಅಮ್ಮನಿಗೂ ಮನೆ ಇದೆ, ಮಾನ ಇದೆ. ನಾನು ನಿಮ್ಮ ಮನೆಯವಳು, ಅದಕ್ಕೇ ವಿಚಾರಣೇಲಿ ಕೂರಲ್ಲ. ಆದ್ರೆ ಬರೀದೆ ಇರೋಕಾಗಲ್ಲ ಅಕ್ಕ."

ಒಪ್ಪಿಕೊಂಡೆ. ಕೌಂಟರ್ ಹೋಯಿತು, ಹಳೇ ಫೈಲುಗಳ ಕೋಣೆಗೆ ಹಾಕಿದರು. ಲ್ಯಾಬಿನವನಿಗೂ ಕಂಪ್ಯೂಟರ್ ತೆರೆದಿಟ್ಟು ಹೋಗಿದ್ದಕ್ಕೆ ಬೈಗುಳ ಬಿತ್ತು. ಅವಳು ಮಾತ್ರ ಒಂದು ದಿನವೂ "ನಾನು ಹೇಳಿರಲಿಲ್ವಾ" ಎನ್ನಲಿಲ್ಲ. ಅಂದಿದ್ದರೆ ಜಗಳವಾದರೂ ಆಡಬಹುದಿತ್ತು, ಹಾಳಾದವಳು.

ಆಪರೇಷನ್ ದಿನ ಬೆಳಿಗ್ಗೆ ಅತ್ತೆ ದೂರದೂರಿನಲ್ಲಿರುವ ಮಗಳ ಜೊತೆ ಮಾತಾಡಬೇಕೆಂದು ಫೋನ್ ಎತ್ತಿಕೊಂಡರು. ಮಂಚದ ಆಚೆ ಅವಳು, ಈಚೆ ನಾನು. ಅವಳು ಎಂದಿನಂತೆ ಗೋಡೆಗೆ ತಿರುಗಿದಳು.

"ನೀನ್ಯಾಕೆ ತಿರುಗ್ತೀಯೇ ಚಿಕ್ಕವಳೇ? ಬಾ ಇಲ್ಲಿ" ಎಂದರು ಅತ್ತೆ. ಆಮೇಲೆ ನನ್ನನ್ನು ನೋಡಿದರು. ದನಿಯಲ್ಲಿ ಸಿಟ್ಟೇನೂ ಇರಲಿಲ್ಲ.

"ದೊಡ್ಡವಳೇ, ನೀನು ಸ್ವಲ್ಪ ಆ ಕಡೆ ತಿರುಗು."

ತಿರುಗಿದೆ. ಬೆನ್ನ ಹಿಂದೆ ನಾಲ್ಕು ಸಲ ಟಿಕ್ ಎಂದಿತು.